ಸೋಸಿ ಬಿಟ್ಟದ್ದರಲ್ಲಿ ಸಿಕ್ಕ ಸಿಗ್ಮಾ

ವಾಕಡದಿಂದ ಕಾಳೇವಾಡಿ ಹಾದು ಪವನಾ ಹೊಳೆ ದಾಟಿದರೆ ಪಿಂಪ್ರಿ. ಹಿಂಜವಡಿಯ ಕಡೆಗೆ ಮುಖ ಮಾಡಿಕೊಂಡು ಬದುಕುವ ನಮ್ಮಂಥವರಿಗೆ ಅದು ಸಾಮಾನು ಕೊಳ್ಳುವ ಪೇಟೆ, ಮೆಟ್ರೊ ಹಿಡಿಯುವ ಜಾಗ. ಆದರೆ ಜೀವವಿಜ್ಞಾನದ ಪುಸ್ತಕಗಳಲ್ಲಿ ಪಿಂಪ್ರಿ ಒಂದು ಬ್ಯಾಕ್ಟೀರಿಯಾದ ಹೆಸರಿನಲ್ಲೂ ಇದೆ: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಇಲ್ಲಿನ ಮಣ್ಣಿನಲ್ಲಿದ್ದ ಈ ಜೀವಿಗೆ ಹೀಗೆ ಹೆಸರಿಟ್ಟವರು ಮೈಸೂರು ಸೀಮೆಯಿಂದ ಬಂದ ಎಂ. ಜೆ. ತಿರುಮಲಾಚಾರ್.

1914ರಲ್ಲಿ ಹುಟ್ಟಿದ ತಿರುಮಲಾಚಾರ್ ಮೊದಲಿಗೆ ಗಿಡಗಳಿಗೆ ತುಕ್ಕುರೋಗ ತರುವ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದವರು. ಆಮೇಲೆ ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಸರ್ಕಾರ 1954ರಲ್ಲಿ ಕಟ್ಟಿದ ಕಂಪನಿ ಅದು. 1955ರಲ್ಲಿ ಅಲ್ಲಿ ಪೆನಿಸಿಲಿನ್ ತಯಾರಿಕೆ ಶುರುವಾಯಿತು. ತಿರುಮಲಾಚಾರ್ ಮತ್ತು ಸಂಗಡಿಗರು 1961ರಲ್ಲಿ ಪಿಂಪ್ರಿನಾದಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ವರದಿ ಮಾಡಿದರು.

ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳಿಗೆ ಒಂದು ಸ್ವಭಾವವಿದೆ. ಅವನ್ನು ದೊಡ್ಡ ತೊಟ್ಟಿಯಲ್ಲಿ ಬೆಳೆಸುವ ಎಲ್ಲರಿಗೂ ಅದು ಗೊತ್ತು. ಬೆಳೆಯುವ ಹುಮ್ಮಸ್ಸಿನಲ್ಲಿರುವಾಗ ಅವು ಸಾಮಾನ್ಯವಾಗಿ ಔಷಧ ತಯಾರಿಸುವುದಿಲ್ಲ. ಆಹಾರ ತೀರುತ್ತ ಬಂದು ಬೆಳವಣಿಗೆ ನಿಧಾನವಾದ ಮೇಲೆ ತಯಾರಿಸುತ್ತವೆ. ಔಷಧದ ಜೀನ್‌ಗಳು ಮೊದಲ ಗಂಟೆಯಿಂದಲೂ ಜೀವಕೋಶದ ಒಳಗೇ ಇರುತ್ತವೆ. ಹಾಗಿದ್ದರೆ ಇಷ್ಟು ಹೊತ್ತು ಸುಮ್ಮನಿದ್ದ ಜೀನನ್ನು ಈಗ ಓದು ಎಂದು ಹೇಳುವವರು ಯಾರು? ನನಗೆ ಈ ಪ್ರಶ್ನೆಯ ಇತಿಹಾಸದಲ್ಲಿ ಆಸಕ್ತಿ. ಏಕೆಂದರೆ ಇದರ ಉತ್ತರದ ಮುಖ್ಯ ಭಾಗ ಸಿಕ್ಕಿದ್ದು, ಶುದ್ಧಿ ಮಾಡುವಾಗ ಪಕ್ಕಕ್ಕಿಟ್ಟ ನೀರಿನಲ್ಲಿ.

ಹ್ಯಾಮೈಸಿನ್ ವರದಿಯಾದ 1961ರಲ್ಲೇ ಪ್ಯಾರಿಸ್ಸಿನಲ್ಲಿ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಜೀನ್‌ಗಳಿಗೆ ಕಡಿವಾಣವಿದೆ ಎಂಬ ತಮ್ಮ ವಾದವನ್ನು ಮಂಡಿಸಿದರು. ಡಿಎನ್ಎಯಲ್ಲಿ ಬರೆದಿರುವುದು ನೇರವಾಗಿ ಪ್ರೋಟೀನಾಗುವುದಿಲ್ಲ. ಮೊದಲು ಅದರ ಒಂದು ತುಣುಕು ಆರ್‌ಎನ್ಎ ಆಗಿ ನಕಲಾಗುತ್ತದೆ, ಆ ನಕಲನ್ನು ನೋಡಿ ಪ್ರೋಟೀನು ತಯಾರಾಗುತ್ತದೆ. ನಕಲು ನಡೆಯದಂತೆ ತಡೆಯುವ ಪ್ರೋಟೀನುಗಳೂ ಉಂಟು ಎಂದು ಅವರು ಹೇಳಿದರು. ತಡೆಯುವವನ ವಿಷಯ ಹೀಗೆ ಮೊದಲೇ ತಿಳಿಯಿತು. ಶುರು ಮಾಡಿಸುವವನ ವಿಷಯ ತಿಳಿಯುವುದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು.

ನಕಲು ಮಾಡುವ ಕಿಣ್ವದ ಹೆಸರು ಆರ್‌ಎನ್ಎ ಪಾಲಿಮರೇಸ್. 1960ರ ಹೊತ್ತಿಗೆ ಸ್ಯಾಮುಯೆಲ್ ವೈಸ್, ಜೆರಾರ್ಡ್ ಹರ್ವಿಟ್ಜ್, ಆಡ್ರೆ ಸ್ಟೀವನ್ಸ್ ಮತ್ತು ಜೇಮ್ಸ್ ಬಾನರ್ ಅವರ ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಇದನ್ನು ಗುರುತಿಸಿದವು. 1962ರಲ್ಲಿ ಮೈಕೆಲ್ ಚೇಂಬರ್ಲಿನ್ ಮತ್ತು ಪಾಲ್ ಬರ್ಗ್, ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದರು. ಪರೀಕ್ಷಾ ನಳಿಕೆಯಲ್ಲಿ ಡಿಎನ್ಎ, ಈ ಕಿಣ್ವ ಮತ್ತು ಆರ್‌ಎನ್ಎ ಕಟ್ಟುವ ನಾಲ್ಕು ಬಗೆಯ ಬಿಡಿ ಅಕ್ಷರಗಳನ್ನು ಹಾಕಿದರೆ ಆರ್‌ಎನ್ಎ ತಯಾರಾಗುತ್ತಿತ್ತು. ಕೆಲಸ ನಡೆಯುತ್ತಿದೆ, ಇನ್ನು ಉಳಿದದ್ದು ಶುದ್ಧಿ ಮಾಡುವುದು ಎಂದು ತೋರುವ ಸ್ಥಿತಿ ಅದು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ವಾಟ್ಸನ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ರಿಚರ್ಡ್ ಬರ್ಜೆಸ್ ಆ ಶುದ್ಧೀಕರಣಕ್ಕೆ ಕೈಹಾಕಿದರು. ಅವರು ಬಳಸಿದ್ದು ಫಾಸ್ಫೊಸೆಲ್ಯುಲೋಸ್ ಎಂಬ ಪುಡಿ. ಗಾಜಿನ ಕೊಳವೆಯಲ್ಲಿ ಇದನ್ನು ತುಂಬಿ, ಜೀವಕೋಶದ ರಸವನ್ನು ಮೇಲಿನಿಂದ ಬಿಟ್ಟರೆ, ಡಿಎನ್ಎಗೆ ಅಂಟುವ ಗುಣವಿರುವ ಪ್ರೋಟೀನುಗಳು ಪುಡಿಗೆ ಅಂಟಿಕೊಳ್ಳುತ್ತವೆ. ಅಂಟದೆ ಇರುವುದು ಕೆಳಗೆ ಹರಿದು ಹೋಗುತ್ತದೆ. ಆಮೇಲೆ ಹೆಚ್ಚು ಉಪ್ಪಿರುವ ನೀರು ಬಿಟ್ಟು ಅಂಟಿದ್ದನ್ನು ಬಿಡಿಸಿಕೊಳ್ಳಬಹುದು. ಹೀಗೆ ಬಂದ ಪಾಲಿಮರೇಸ್ ಹಿಂದಿಗಿಂತ ಶುದ್ಧವಾಗಿತ್ತು. ಆದರೆ ಟಿ4 ಎಂಬ ವೈರಸ್ಸಿನ ಡಿಎನ್ಎ ಕೊಟ್ಟಾಗ ಅದು ಹೆಚ್ಚೂಕಡಿಮೆ ಕೆಲಸವನ್ನೇ ನಿಲ್ಲಿಸಿತು.

ಕಿಣ್ವ ಕೆಟ್ಟುಹೋಯಿತು ಎಂದುಕೊಳ್ಳುವುದು ಸುಲಭ. ಆದರೆ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಡಿಎನ್ಎ ಕೊಟ್ಟರೆ ಅದೇ ಕಿಣ್ವ ಚೆನ್ನಾಗಿಯೇ ನಕಲು ಮಾಡುತ್ತಿತ್ತು. ಎರಡು ಡಿಎನ್ಎಗಳ ನಡುವಿನ ವ್ಯತ್ಯಾಸದಲ್ಲಿ ಇದರ ಗುಟ್ಟಿತ್ತು. ಪ್ರಯೋಗಾಲಯಕ್ಕೆ ಸಿಗುವ ಥೈಮಸ್ ಡಿಎನ್ಎ ಅಲ್ಲಲ್ಲಿ ಹರಿದು ಸೀಳಿದ್ದು. ಕಿಣ್ವ ಆ ಸೀಳುಗಳಲ್ಲಿ ನುಗ್ಗಿ ಎಲ್ಲೆಂದರಲ್ಲಿ ಶುರು ಮಾಡಬಲ್ಲುದು. ಟಿ4ರ ಡಿಎನ್ಎ ಇಡಿಯಾಗಿದೆ. ಅಲ್ಲಿ ಶುರು ಮಾಡಬೇಕಾದರೆ ಸರಿಯಾದ ಜಾಗ ಗೊತ್ತಿರಬೇಕು. ಶುದ್ಧವಾದ ಕಿಣ್ವಕ್ಕೆ ನಕಲು ಮಾಡುವ ಕೈ ಉಳಿದಿತ್ತು, ಜಾಗ ಗೊತ್ತಿದ್ದ ಯಾವುದೋ ಒಂದು ಕಳೆದುಹೋಗಿತ್ತು. ಕೊಳವೆಯಲ್ಲಿ ಅಂಟದೆ ಹರಿದುಹೋಗಿದ್ದ ದ್ರವವನ್ನು ಮತ್ತೆ ಬೆರೆಸಿದಾಗ ಟಿ4ರ ನಕಲು ಪುನಃ ಶುರುವಾಯಿತು.

ಬರ್ಜೆಸ್ ಜೊತೆ ಅಲ್ಲಿ ಆಂಡ್ರ್ಯೂ ಟ್ರಾವರ್ಸ್ ಇದ್ದರು. ಅಷ್ಟರಲ್ಲೇ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಡನ್ ಮತ್ತು ಎಕೆಹಾರ್ಡ್ ಬೌಟ್ಜ್ ಸ್ವತಂತ್ರವಾಗಿ ಇದೇ ವಸ್ತುವನ್ನು ಕಂಡಿದ್ದರು. ನಾಲ್ವರೂ ಸೇರಿ 1969ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದೇ ಪ್ರಬಂಧ ಪ್ರಕಟಿಸಿದರು. ಆ ಪ್ರೋಟೀನಿಗೆ ಸಿಗ್ಮಾ ಎಂದು ಹೆಸರಾಯಿತು. ಅದೇ ವರ್ಷ ಹಾರ್ವರ್ಡಿನಲ್ಲೇ ಜೆಫ್ರಿ ರಾಬರ್ಟ್ಸ್ ನಕಲನ್ನು ಮುಗಿಸುವ ಪ್ರೋಟೀನನ್ನು ಕಂಡರು, ಅದು ರೋ. ಆದಿಗೊಂದು, ಅಂತ್ಯಕ್ಕೊಂದು ಗ್ರೀಕ್ ಅಕ್ಷರ ಹೀಗೆ ಒಂದೇ ವರ್ಷದಲ್ಲಿ ಬಂದವು.

ಸಿಗ್ಮಾದ ಕೆಲಸವನ್ನು ನಮ್ಮ ಓಲೆಗರಿ ಗ್ರಂಥಗಳ ಹೋಲಿಕೆಯಿಂದ ಹೇಳಬಹುದು. ಹಳೆಯ ಓಲೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲ, ಅಕ್ಷರಗಳು ಒಂದೇ ಸಮನೆ ಓಡುತ್ತವೆ. ಒಬ್ಬ ಲಿಪಿಕಾರನಿದ್ದಾನೆ ಎನ್ನೋಣ. ಕೈ ಚುರುಕು, ಆದರೆ ಓದಲು ಬಾರದು. ಎಲ್ಲಿ ಬೆರಳಿಟ್ಟು ತೋರಿಸುತ್ತೀರೋ ಅಲ್ಲಿಂದ ನಕಲು ಮಾಡುತ್ತಾ ಹೋಗುತ್ತಾನೆ. ಅವನ ಪಕ್ಕದಲ್ಲಿ, ಗ್ರಂಥಾರಂಭದ ‘ಶ್ರೀ’ಯಂಥ ಗುರುತುಗಳನ್ನು ಬಲ್ಲ ಇನ್ನೊಬ್ಬ ಕೂತು, ಇಗೋ ಇಲ್ಲಿಂದ ಎಂದು ತೋರಿಸಬೇಕು. ಲಿಪಿಕಾರ ಪಾಲಿಮರೇಸ್, ಬೆರಳಿಡುವವನು ಸಿಗ್ಮಾ. ಇ. ಕೋಲಿಯ ಡಿಎನ್ಎಯಲ್ಲಿ ಸುಮಾರು 46 ಲಕ್ಷ ಜೋಡಿ ಅಕ್ಷರಗಳಿವೆ, ನಾಲ್ಕು ಸಾವಿರಕ್ಕೂ ಹೆಚ್ಚು ಜೀನ್‌ಗಳಿವೆ. ಬೆರಳಿಡುವವನಿಲ್ಲದಿದ್ದರೆ ಕೈಚಳಕವೆಲ್ಲ ವ್ಯರ್ಥ.

ಆ ಗುರುತುಗಳು ಏನೆಂಬುದು ಆಮೇಲೆ ತಿಳಿಯಿತು. 1975ರಲ್ಲಿ ಡೇವಿಡ್ ಪ್ರಿಬ್ನೋ ಹಲವು ಆರಂಭಸ್ಥಾನಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ನಕಲು ಶುರುವಾಗುವ ಅಕ್ಷರಕ್ಕೆ ಸುಮಾರು ಹತ್ತು ಅಕ್ಷರ ಹಿಂದೆ ಟಿ-ಎ-ಟಿ-ಎ-ಎ-ಟಿ ಎಂಬ ಆರು ಅಕ್ಷರಗಳು ಅಥವಾ ಅದರ ಸಮೀಪದ ರೂಪ ಕಾಣಿಸುತ್ತಿತ್ತು. ಸುಮಾರು 35 ಅಕ್ಷರ ಹಿಂದೆ ಟಿ-ಟಿ-ಜಿ-ಎ-ಸಿ-ಎ ಎಂಬ ಇನ್ನೊಂದು ಗುರುತು. ಎರಡರ ನಡುವಿನ ಅಂತರ ಹೆಚ್ಚಾಗಿ 17 ಅಕ್ಷರ. ಇ. ಕೋಲಿಯ ಮುಖ್ಯ ಸಿಗ್ಮಾ ಈ ಎರಡನ್ನೂ ಏಕಕಾಲಕ್ಕೆ ಹಿಡಿಯುತ್ತದೆ. ಹಿಡಿದ ಮೇಲೆ ಅಲ್ಲಿ ಡಿಎನ್ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. 2011ರಲ್ಲಿ ಆಂಡ್ರೆ ಫೆಕ್ಲಿಸ್ತೋವ್ ಮತ್ತು ಸೆತ್ ಡಾರ್ಸ್ಟ್ ಪ್ರಕಟಿಸಿದ ರಚನೆಯಲ್ಲಿ ಇದರ ಒಂದು ವಿವರ ಕಣ್ಣಿಗೆ ಕಂಡಿತು. ಆ ಆರಕ್ಷರಗಳಲ್ಲಿ ಎರಡನೆಯದಾದ ಎ ಮತ್ತು ಕೊನೆಯದಾದ ಟಿ ತಮ್ಮ ಸಾಲಿನಿಂದ ಹೊರಳಿ ಹೊರಬಂದು, ಸಿಗ್ಮಾದ ಎರಡು ಪುಟ್ಟ ಗೂಡುಗಳಲ್ಲಿ ಕೂತಿರುತ್ತವೆ. ಓದುವುದೂ ಬಿಚ್ಚುವುದೂ ಅಲ್ಲಿ ಒಂದೇ ಕ್ರಿಯೆ.

ಶುರುವಾದ ಮೇಲೂ ಕೆಲಸ ಸಲೀಸಲ್ಲ. ಪಾಲಿಮರೇಸ್ ಕೆಲವು ಅಕ್ಷರ ಬರೆದು, ಆ ತುಂಡನ್ನು ಬಿಸಾಡಿ, ಮತ್ತೆ ಮೊದಲಿನಿಂದ ಬರೆಯುವುದುಂಟು. ಸುಮಾರು ಹತ್ತಕ್ಷರ ದಾಟಿದರೆ ಆರಂಭದ ಹಿಡಿತ ಬಿಟ್ಟು ಮುಂದೆ ಸಾಗುತ್ತದೆ. ಆಗ ಸಿಗ್ಮಾದ ಹಿಡಿತ ಸಡಿಲವಾಗಿ ಅದು ಕಳಚಿಕೊಳ್ಳುತ್ತದೆ, ಬೇರೊಂದು ಪಾಲಿಮರೇಸ್ ಜೊತೆ ಕೂಡಿ ಬೇರೊಂದು ಆರಂಭಕ್ಕೆ ಹೋಗುತ್ತದೆ. ಸಿಗ್ಮಾ ಹೀಗೆ ಮರುಬಳಕೆಯಾಗುತ್ತದೆ ಎಂದು ಟ್ರಾವರ್ಸ್ ಮತ್ತು ಬರ್ಜೆಸ್ 1969ರಲ್ಲೇ ತೋರಿಸಿದ್ದರು. ಕೆಲವೊಮ್ಮೆ ಅದು ಸ್ವಲ್ಪ ದೂರ ಜೊತೆಗೇ ಸಾಗುತ್ತದೆ ಎಂದು ನಂತರದ ಪ್ರಯೋಗಗಳು ತಿದ್ದುಪಡಿ ಮಾಡಿವೆ. ಫಾಸ್ಫೊಸೆಲ್ಯುಲೋಸಿನಲ್ಲಿ ಸಿಗ್ಮಾ ಕಳೆದುಹೋದದ್ದೂ ಈ ಸ್ವಭಾವದಿಂದಲೇ. ಬಿಟ್ಟುಹೋಗುವುದು ಅದರ ಕೆಲಸದ ಭಾಗ.

ಸಿಗ್ಮಾ ಒಂದೇ ಅಲ್ಲ ಎಂಬುದು ಮುಂದಿನ ತಿಳಿವಳಿಕೆ. 1969ರಲ್ಲೇ ರಿಚರ್ಡ್ ಲೋಸಿಕ್ ಮತ್ತು ಅಬ್ರಹಾಂ ಸೊನೆನ್‌ಶೈನ್, ಬೇಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬರಗಾಲದಲ್ಲಿ ಗಟ್ಟಿ ಬೀಜಾಣುವಾಗುವಾಗ ಅದರ ಪಾಲಿಮರೇಸ್ ಯಾವ ಡಿಎನ್ಎಯನ್ನು ಓದುತ್ತದೆ ಎಂಬುದೇ ಬದಲಾಗುತ್ತದೆ ಎಂದು ತೋರಿಸಿದರು. ಬೀಜಾಣು ಕಟ್ಟುವ ಹಂತ ಹಂತಕ್ಕೂ ಬೇರೆ ಬೇರೆ ಸಿಗ್ಮಾಗಳು ಪಾಳಿಯಲ್ಲಿ ಬರುತ್ತವೆ ಎಂಬುದು ಮುಂದಿನ ವರ್ಷಗಳಲ್ಲಿ ಬಿಡಿಸಿಕೊಂಡಿತು. 1984ರಲ್ಲಿ ಕ್ಯಾರಲ್ ಗ್ರಾಸ್ ಅವರ ತಂಡ, ಇ. ಕೋಲಿಗೆ ಶಾಖದ ಪೆಟ್ಟು ಬಿದ್ದಾಗ ರಕ್ಷಣೆಯ ಜೀನ್‌ಗಳನ್ನು ಓದಿಸುವ ಬೇರೊಂದು ಸಿಗ್ಮಾ ಇದೆ ಎಂದು ಗುರುತಿಸಿತು. ಇ. ಕೋಲಿಯಲ್ಲಿ ಒಟ್ಟು ಏಳು ಸಿಗ್ಮಾಗಳಿವೆ. ಲಿಪಿಕಾರ ಅವನೇ. ಬೆರಳಿಡುವವನು ಬದಲಾದರೆ ಓದಿಸಿಕೊಳ್ಳುವ ಅಧ್ಯಾಯವೂ ಬದಲು.

ಸಿಗ್ಮಾವನ್ನು ಹಿಡಿದು ಕೂರಿಸುವ ಪ್ರೋಟೀನುಗಳೂ ಇವೆ. ಟಿ4 ವೈರಸ್ ಇ. ಕೋಲಿಯ ಒಳಹೊಕ್ಕಾಗ ತಯಾರಾಗುವ ಅಂಥದ್ದೊಂದನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದವರು, ಪಾಲಿಮರೇಸನ್ನು ಮೊದಲು ಕಂಡವರಲ್ಲೊಬ್ಬರಾದ ಅದೇ ಆಡ್ರೆ ಸ್ಟೀವನ್ಸ್. ಆತಿಥೇಯನ ಬೆರಳನ್ನು ಅಮುಕಿ ಹಿಡಿದರೆ ಮನೆಯ ಲಿಪಿಕಾರ ತನ್ನವನಾಗುತ್ತಾನೆ ಎಂಬುದು ವೈರಸ್ಸಿಗೆ ಎಂದೋ ಗೊತ್ತಿತ್ತು.

ಈಗ ತೊಟ್ಟಿಯ ಪ್ರಶ್ನೆಗೆ ಬರಬಹುದು. ಪಿಂಪ್ರಿನಾದ ಬಂಧುವಾದ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಪೂರ್ಣ ಡಿಎನ್ಎ 2002ರಲ್ಲಿ ಓದಿಸಿಕೊಂಡಾಗ ಅದರಲ್ಲಿ 65 ಸಿಗ್ಮಾಗಳ ಜೀನ್‌ಗಳು ಕಂಡವು. ಮಣ್ಣಿನಲ್ಲಿ ಬದುಕುವ ಜೀವಿಗೆ ಮಳೆ, ಬಿಸಿಲು, ಹಸಿವು, ನೆರೆಹೊರೆಯ ಶತ್ರು ಎಲ್ಲಕ್ಕೂ ಸಿದ್ಧವಿರಬೇಕು ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ. 1989ರಲ್ಲಿ ಕೀತ್ ಚೇಟರ್ ಮತ್ತು ಸಂಗಡಿಗರು, ಇದರ ಒಂದು ಸಿಗ್ಮಾ ಇಲ್ಲದಿದ್ದರೆ ಬೂದುಬಣ್ಣದ ಬೀಜಾಣುಗಳು ಆಗುವುದೇ ಇಲ್ಲ, ಹೊರಮೈ ಬೆಳ್ಳಗೇ ಉಳಿಯುತ್ತದೆ ಎಂದು ತೋರಿಸಿದರು. ಸಿಗ್ಮಾ ಒಂದರಿಂದಲೇ ಎಲ್ಲ ಆಗುವುದೂ ಇಲ್ಲ. ಹಿಂದೂಸ್ಥಾನ್ ಆಂಟಿಬಯಾಟಿಕ್ಸ್‌ನಲ್ಲಿ ಮುಂದೆ ತಯಾರಾದ ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಔಷಧವನ್ನೇ ತೆಗೆದುಕೊಳ್ಳಿ. ಅದನ್ನು ಮಾಡುವ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಬೆಳೆಯುತ್ತಾ ಎ-ಫ್ಯಾಕ್ಟರ್ ಎಂಬ ಸಣ್ಣ ಅಣುವನ್ನು ಹೊರಗೆ ಬಿಡುತ್ತದೆ. ಸೋವಿಯತ್ ವಿಜ್ಞಾನಿ ಎ. ಎಸ್. ಖೊಖ್ಲೋವ್ 1967ರಲ್ಲಿ ವರದಿ ಮಾಡಿದ ಅಣು ಅದು. ಅದರ ಪ್ರಮಾಣ ಸಾಕಷ್ಟಾದಾಗ ಒಂದು ತಡೆಪ್ರೋಟೀನು ಡಿಎನ್ಎಯಿಂದ ಕಳಚುತ್ತದೆ. ಆಗ ಶುರು ಮಾಡಿಸುವ ಪ್ರೋಟೀನೊಂದು ತಯಾರಾಗುತ್ತದೆ, ಅದು ಇನ್ನೊಂದನ್ನು ಎಬ್ಬಿಸುತ್ತದೆ, ಕೊನೆಗೆ ಔಷಧದ ಜೀನ್‌ಗಳು ಓದಿಸಿಕೊಳ್ಳುತ್ತವೆ. ಈ ಸರಪಳಿಯನ್ನು ಮುಂದೆ ಬಿಡಿಸಿದವರು ಜಪಾನಿನ ಸುಯೆಹಾರು ಹೊರಿನೊಚಿ ಮತ್ತು ತೆರುಹಿಕೊ ಬೆಪ್ಪು. ತೊಟ್ಟಿಯ ಮುಂದೆ ಕಾಯುತ್ತಿದ್ದವರು ಕಾಯುತ್ತಿದ್ದುದು ಇಂಥ ಒಂದು ಒಪ್ಪಿಗೆಗಾಗಿ.

ಶುರು ಮಾಡಿಸುವ ಈ ಪೋಷಕ ಪ್ರೋಟೀನುಗಳ ಬಗೆಗೆ ಒಂದು ಒಳ್ಳೆಯ ಅಧ್ಯಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಮ್ಯೂ ಎಂಬ ವೈರಸ್ಸಿನಲ್ಲಿ ಮಾಮ್ ಎಂಬ ಜೀನ್ ಇದೆ. ವೈರಸ್ಸಿನ ಡಿಎನ್ಎಗೆ ಒಂದು ರಾಸಾಯನಿಕ ಹೊದಿಕೆ ಹೊದಿಸಿ ಬ್ಯಾಕ್ಟೀರಿಯಾದ ಕತ್ತರಿ ಕಿಣ್ವಗಳಿಂದ ಕಾಪಾಡುವುದು ಅದರ ಕೆಲಸ. ಹೊತ್ತಿಗೆ ಮೊದಲೇ ಓದಿಸಿಕೊಂಡರೆ ಅಪಾಯ. ಈ ಜೀನಿನ ಆರಂಭದಲ್ಲಿ ಎರಡು ಗುರುತುಗಳ ನಡುವೆ 17ರ ಬದಲು 19 ಅಕ್ಷರಗಳಿವೆ, ಹೀಗಾಗಿ ಪಾಲಿಮರೇಸ್ ತಾನಾಗಿ ಅಲ್ಲಿ ಸರಿಯಾಗಿ ಕೂರಲಾರದು. ಸಿ ಎಂಬ ಪ್ರೋಟೀನು ಪಕ್ಕದಲ್ಲಿ ಕೂತು ಡಿಎನ್ಎಯ ತಿರುಚನ್ನು ಸಡಿಲಿಸಿ ಗುರುತುಗಳನ್ನು ಹೊಂದಿಸಿಕೊಡುತ್ತದೆ. ವಿ. ನಾಗರಾಜ ಅವರ ಪ್ರಯೋಗಾಲಯ ವರ್ಷಗಟ್ಟಲೆ ಈ ಕೆಲಸದ ಹಂತಗಳನ್ನು ಬಿಡಿಸಿತು. ಎರಡಕ್ಷರ ಹೆಚ್ಚಿಗೆ ಇಟ್ಟದ್ದು ಒಂದು ಬೀಗ, ಅದರ ಕೀಲಿ ಸಿ.

ಅದೇ ಸಂಸ್ಥೆಯ ಇನ್ನೊಂದು ಕಥೆ ನನಗೆ ಇನ್ನೂ ಹತ್ತಿರದ್ದು. ಬರ್ಜೆಸ್ 1969ರಲ್ಲಿ ಪಾಲಿಮರೇಸ್ ಜೊತೆ ಒಮೆಗಾ ಎಂಬ ಒಂದು ಪುಟ್ಟ ಪ್ರೋಟೀನನ್ನೂ ಕಂಡಿದ್ದರು. ಅದಿಲ್ಲದೆಯೂ ಇ. ಕೋಲಿ ಬದುಕುತ್ತದೆ. ಆದ್ದರಿಂದ ಅದು ಸುಮ್ಮನೆ ಜೊತೆಗೆ ಅಂಟಿಬಂದದ್ದು ಎಂದು ಬಹುಕಾಲ ಬದಿಗಿಟ್ಟಿದ್ದರು. ದೀಪಂಕರ್ ಚಟರ್ಜಿ ಹೈದರಾಬಾದಿನಲ್ಲೂ ಆಮೇಲೆ ಬೆಂಗಳೂರಿನಲ್ಲೂ ಅದನ್ನು ಬಿಡದೆ ಅಭ್ಯಾಸ ಮಾಡಿದರು. ಪಾಲಿಮರೇಸಿನ ಅತಿ ದೊಡ್ಡ ಭಾಗ ಸರಿಯಾಗಿ ಮಡಚಿಕೊಳ್ಳಲು ಒಮೆಗಾ ನೆರವಾಗುತ್ತದೆ ಎಂದು ಅವರ ತಂಡ ತೋರಿಸಿತು. ಸೋಸಿದಾಗ ಬಿಟ್ಟುಹೋದದ್ದು ಸಿಗ್ಮಾ, ಸೋಸಿದರೂ ಬಿಡದೆ ಬಂದದ್ದು ಒಮೆಗಾ. ಎರಡನ್ನೂ ಅನಗತ್ಯ ಎಂದುಕೊಳ್ಳಲು ಕಾರಣವಿತ್ತು. ಎರಡಕ್ಕೂ ಕೆಲಸವಿತ್ತು.

ಇದೆಲ್ಲ ನಮಗೇಕೆ ಎಂದು ಕೇಳುವವರಿಗೆ ಉತ್ತರ ಕ್ಷಯದಲ್ಲಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಒಂದು ಕೋಣೆಯಲ್ಲಿ ನಾಲ್ಕೈದು ಜನ ಇದ್ದು ದುಡಿಯುವ ವಲಸಿಗರ ಊರುಗಳಿಗೆ ಇದು ದೂರದ ಅಂಕಿಯಲ್ಲ. ಇದರ ಚಿಕಿತ್ಸೆಯ ಬೆನ್ನೆಲುಬು ರಿಫಾಂಪಿಸಿನ್. 1957ರಲ್ಲಿ ಇಟಲಿಯ ಮಿಲಾನಿನ ಲೆಪೆಟಿಟ್ ಕಂಪನಿಯಲ್ಲಿ, ಫ್ರಾನ್ಸಿನ ಕರಾವಳಿಯ ಮಣ್ಣಿನಿಂದ ಬಂದ ಒಂದು ಬ್ಯಾಕ್ಟೀರಿಯಾದಲ್ಲಿ ಇದರ ಮೂಲರೂಪ ಸಿಕ್ಕಿತು. ಆಗ ಆ ಬ್ಯಾಕ್ಟೀರಿಯಾವನ್ನೂ ಸ್ಟ್ರೆಪ್ಟೊಮೈಸಿಸ್ ಕುಲಕ್ಕೇ ಸೇರಿಸಿದ್ದರು. ಔಷಧದ ಹೆಸರು ಬಂದದ್ದು ರಿಫಿಫಿ ಎಂಬ ಫ್ರೆಂಚ್ ಸಿನಿಮಾದಿಂದ.

ರಿಫಾಂಪಿಸಿನ್ ಪೆಟ್ಟು ಕೊಡುವುದು ಬ್ಯಾಕ್ಟೀರಿಯಾದ ಪಾಲಿಮರೇಸ್ ಮೇಲೆ, ಅದೂ ಆರಂಭದಲ್ಲಿ. ಅದು ಬೀಟಾ ಎಂಬ ಭಾಗದಲ್ಲಿ, ಹೊಸ ಆರ್‌ಎನ್ಎ ಹೊರಬರುವ ದಾರಿಯಲ್ಲಿ ಕೂರುತ್ತದೆ. ನಕಲು ಎರಡು ಮೂರು ಅಕ್ಷರ ಬೆಳೆದು ಔಷಧಕ್ಕೆ ಢಿಕ್ಕಿ ಹೊಡೆದು ನಿಲ್ಲುತ್ತದೆ. ಈಗಾಗಲೇ ಉದ್ದವಾಗಿ ಬೆಳೆದ ನಕಲನ್ನು ಅದು ತಡೆಯಲಾರದು. ಸಿಗ್ಮಾ ಜಾಗ ತೋರಿಸಿದೆ, ಎಳೆ ಬಿಚ್ಚಿದೆ, ಬರೆಯಲು ಹೊರಟ ಕೈ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಜೀವಕೋಶಗಳ ಪಾಲಿಮರೇಸ್‌ನ ರಚನೆ ಬೇರೆ, ಅದಕ್ಕೆ ಈ ಔಷಧ ಅಂಟುವುದಿಲ್ಲ. ಗುಳಿಗೆ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬ್ಯಾಕ್ಟೀರಿಯಾದ ಬರವಣಿಗೆ ಮಾತ್ರ ನಿಲ್ಲುತ್ತದೆ.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿಯೂ ಅಲ್ಲೇ ಇದೆ. ಬೀಟಾದ ಜೀನಿನ 81 ಅಕ್ಷರಗಳ ಒಂದು ಚಿಕ್ಕ ತುಣುಕಿನಲ್ಲಿ ಬದಲಾವಣೆಯಾದರೆ ಔಷಧ ಕೂರುವ ಜಾಗ ಕೆಡುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚಿನವುಗಳ ಬದಲಾವಣೆ ಈ ತುಣುಕಿನಲ್ಲೇ ಇರುತ್ತದೆ. ಹಿಂದೆ ಕಫವನ್ನು ಬೆಳೆಸಿ ನೋಡಿ ಇದನ್ನು ತಿಳಿಯಲು ವಾರಗಟ್ಟಲೆ ಬೇಕಿತ್ತು. ಈಗ ಸಿಬಿನ್ಯಾಟ್ ಎಂದು ನಮ್ಮ ಆಸ್ಪತ್ರೆಗಳಲ್ಲಿ ಕರೆಯುವ ಪರೀಕ್ಷೆ ಕಫದಲ್ಲಿ ಈ 81 ಅಕ್ಷರಗಳನ್ನೇ ಹುಡುಕಿ ಸುಮಾರು ಎರಡು ಗಂಟೆಯಲ್ಲಿ ಉತ್ತರ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ 2010ರಲ್ಲಿ ಮನ್ನಣೆ ಕೊಟ್ಟಿತು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರ ಟ್ರೂನ್ಯಾಟ್‌ಗೆ 2020ರಲ್ಲಿ ಮನ್ನಣೆ ಸಿಕ್ಕಿತು. ಹವಾನಿಯಂತ್ರಣವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದನ್ನು ಇಡಬಹುದು. ಕೈಗೆ ಬರುವ ಚೀಟಿಯಲ್ಲಿ ‘ರಿಫಾಂಪಿಸಿನ್ ನಿರೋಧ ಇದೆ’ ಅಥವಾ ‘ಇಲ್ಲ’ ಎಂಬ ಒಂದು ಸಾಲು ಇರುತ್ತದೆ. ಒಬ್ಬ ಮನುಷ್ಯನ ಮುಂದಿನ ತಿಂಗಳುಗಳ ಔಷಧಗಳನ್ನೆಲ್ಲ ನಿರ್ಧರಿಸುವ ಸಾಲು ಅದು.

ಕ್ಷಯದ ಬ್ಯಾಕ್ಟೀರಿಯಾದ ಪೂರ್ಣ ಡಿಎನ್ಎ 1998ರಲ್ಲಿ ಪ್ರಕಟವಾಯಿತು. ಅದರಲ್ಲಿ 13 ಸಿಗ್ಮಾಗಳಿವೆ. ಒಂದು ದಿನನಿತ್ಯದ ಬಾಳಿಗೆ ಬೇಕೇ ಬೇಕು. ಉಳಿದವುಗಳಲ್ಲಿ ಹಲವು, ನಮ್ಮ ದೇಹ ಅದರ ಮೇಲೆ ಎಸೆಯುವ ಆಮ್ಲ, ಶಾಖ, ಆಕ್ಸಿಡೀಕರಣದಂಥ ಕಷ್ಟಗಳಿಗೆ ಒದಗುವವು. ಕೆಲವನ್ನು ಸಿಗ್ಮಾವಿರೋಧಿ ಪ್ರೋಟೀನುಗಳು ಕಟ್ಟಿಹಾಕಿ ಇಟ್ಟುಕೊಂಡಿರುತ್ತವೆ, ಅಪಾಯದ ಸುಳಿವು ಸಿಕ್ಕಾಗ ಬಿಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಗೋಪಾಲ್ ಅವರ ತಂಡ ಇಂಥ ಜೋಡಿಗಳ ಆಕಾರವನ್ನು ಬಿಡಿಸಿ, ಹಿಡಿದ ಕೈ ಹೇಗೆ ಸಡಿಲವಾಗುತ್ತದೆ ಎಂಬುದನ್ನು ಅಭ್ಯಾಸ ಮಾಡಿದೆ. ಔಷಧಗಳ ನಡುವೆಯೂ ಮೆಲ್ಲಗೆ ಬದುಕಿ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳಿಂದಾಗಿಯೇ ಕ್ಷಯದ ಚಿಕಿತ್ಸೆ ಆರು ತಿಂಗಳು ಎಳೆಯುತ್ತದೆ. ಅವು ಕಷ್ಟಕಾಲದಲ್ಲಿ ಯಾವ ಅಧ್ಯಾಯ ತೆರೆದು ಓದುತ್ತವೆ ಎಂದು ತಿಳಿದರೆ ಆ ಆರು ತಿಂಗಳನ್ನು ಮೊಟಕು ಮಾಡುವ ದಾರಿ ಹುಡುಕಬಹುದು.

ಬರ್ಜೆಸ್ ಅವರ ಕೊಳವೆಯಿಂದ ಹರಿದ ನೀರಿಗೂ ಕಫದ ಚೀಟಿಗೂ ನಡುವೆ ಅರ್ಧ ಶತಮಾನವಿದೆ. ಆ ನೀರನ್ನು ಮೋರಿಗೆ ಚೆಲ್ಲಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ, ಬೇಕಾದ ಕಿಣ್ವ ಪುಡಿಗೆ ಅಂಟಿ ಉಳಿದಿತ್ತಲ್ಲ. ಕೆಲಸ ನಿಂತಾಗ ಅವರು ಉಳಿಸಿಕೊಂಡದ್ದನ್ನಷ್ಟೇ ಪರೀಕ್ಷಿಸಲಿಲ್ಲ, ಬಿಟ್ಟದ್ದನ್ನೂ ತಂದು ಬೆರೆಸಿ ನೋಡಿದರು.